ಯಾರ ಋಣ, ಯಾರ ನೆಲ?

ನೆದರ್ಲೆಂಡ್ಸ್ ದೇಶದಲ್ಲಿ ಒಡ್ಡು ಕಟ್ಟಿ, ನೀರನ್ನು ಹೊರಹಾಕಿ ಪಡೆದ ನೆಲಕ್ಕೆ ಪೋಲ್ಡರ್ ಎಂದು ಹೆಸರು. ಬೆಲ್ಜಿಯಂ ಗಡಿಗೆ ತಾಗಿದ ಹೆಡ್ವಿಗೆ ಪೋಲ್ಡರ್ 1907ರಲ್ಲಿ ಹೀಗೆ ಹೊಲವಾಯಿತು. 2022ರಲ್ಲಿ ಅದರ ಒಡ್ಡನ್ನು ಸರ್ಕಾರವೇ ಒಡೆಸಿತು.

ಆಂಟ್‌ವರ್ಪ್ ಬಂದರಿನ ಹಡಗುಗಳಿಗಾಗಿ ಷೆಲ್ಟ್ ನದಿಯ ಅಳಿವೆಯನ್ನು ಆಳಗೊಳಿಸಿದ್ದರಿಂದ ಜಲಪಕ್ಷಿಗಳ ನೆಲೆಗೆ ಹಾನಿಯಾಗಿತ್ತು. ಅವುಗಳಿಗೆ ನೆಲೆಯನ್ನು ಮರಳಿ ಕೊಡುವುದು ನ್ಯಾಯವೇ ಸರಿ. ಆದರೆ 1953ರ ಪ್ರವಾಹದಲ್ಲಿ ಆ ದೇಶದ 1,836 ಮಂದಿ ಮಡಿದುದನ್ನು ಸುತ್ತಲಿನ ಹಳ್ಳಿಗರು ಮರೆತಿಲ್ಲ. ಹಿಂದೆ ಹೊಸ ಒಡ್ಡನ್ನು ಕಟ್ಟಿಕೊಟ್ಟಿದ್ದಾರೆ, ನಿಜ. ಅಷ್ಟರಿಂದ ಮನಸ್ಸು ಒಪ್ಪೀತೇ?

ಬಂದರು ಮಾಡಿದ ಸಾಲವನ್ನು ಹೊಲದಿಂದ ತೀರಿಸಿದರೆ ಅದು ಋಣವಿಮೋಚನೆಯೇ? ತನ್ನದನ್ನು ಬಿಟ್ಟವನು ತ್ಯಾಗಿ. ಪರರದನ್ನು ಬಿಡಿಸಿದವನಿಗೆ ಆ ಹೆಸರು ಸಲ್ಲದೆಂದೇ ನನ್ನ ಭಾವನೆ. ಹೀಗೆನ್ನುವಾಗಲೂ ಒಂದು ಸಂಗತಿ ಬಾಧಿಸುತ್ತದೆ: 1907ಕ್ಕೆ ಮೊದಲು ಆ ಕೆಸರುನೆಲ ಹಕ್ಕಿಗಳದೇ ಆಗಿತ್ತು, ಅಂದು ಅವುಗಳ ಪರವಾಗಿ ಯಾರೂ ಮಾತನಾಡಿರಲಿಲ್ಲ.