ನೂರಕ್ಕೆ ನೂರು

ಹೋದ ಜೂನ್‌ನಲ್ಲಿ ನಾನು ಓದಿದ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘದಿಂದ ಫೋನು ಬಂತು. ಶಾಲೆಗೆ 75 ತುಂಬುತ್ತಿದೆ, ಸ್ಮರಣ ಸಂಚಿಕೆ ತರುತ್ತಿದ್ದೇವೆ, ‘ನೀನು ಹೇಗೂ ಪಿಎಚ್.ಡಿ. ಮಾಡ್ತಿದೀಯಲ್ಲ, ಶಾಲೆ ನಡೆದುಬಂದ ದಾರಿ ಅಂತ ಹತ್ತು ಪುಟ ಬರೆದುಕೊಡಪ್ಪ’ ಎಂದರು. ಪಿಎಚ್.ಡಿ. ಮಾಡುವವನಿಗೆ ಬೇರೆ ಕೆಲಸವಿರುವುದಿಲ್ಲ ಎಂಬ ನಂಬಿಕೆ ನಮ್ಮೂರಿನಲ್ಲಿ ಗಟ್ಟಿಯಾಗಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಪ್ಪಿಕೊಂಡೆ.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಸರ್ಕಾರಿ ಬಾಲಕರ ಶಾಲೆ ಅದು. ಕೆಂಪು ಹೆಂಚಿನ ಉದ್ದನೆಯ ಕಟ್ಟಡ, ಎದುರಿಗೆ ಮೈದಾನ, ಮೈದಾನದ ಅಂಚಿಗೆ ತೆಂಗಿನ ತೋಟ. ಆಫೀಸಿನ ಬೀರುವಿನಲ್ಲಿದ್ದ ಹಳೆಯ ಸೂಚನಾ ಪುಸ್ತಕಗಳನ್ನು ಅಟೆಂಡರು ಧೂಳು ಕೊಡವಿ ಮೇಜಿನ ಮೇಲಿಟ್ಟರು. ಮೂರು ದಿನ ಅದರಲ್ಲೇ ಮುಳುಗಿದ್ದೆ. ಶಾಲೆಯ ನಿಜವಾದ ಚರಿತ್ರೆ ಇರುವುದು ಸೂಚನಾ ಪುಸ್ತಕದಲ್ಲಿ ಎಂದು ಈಗ ನನಗೆ ಖಾತ್ರಿಯಾಗಿದೆ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ರಾಷ್ಟ್ರೀಯ ರಕ್ಷಣಾ ನಿಧಿಗೆ ಹುಡುಗರು ಕಾಸು ತರಬೇಕೆಂಬ ಸೂಚನೆ. ಖೋಖೋ ತಂಡ ಜಿಲ್ಲಾ ಮಟ್ಟಕ್ಕೆ ಹೋದದ್ದು, ಸೋತು ಬಂದದ್ದು. ಶಾರದಾ ಪೂಜೆಯ ಚರುಪಿಗೆ ತಲೆಗೆ ಇಷ್ಟೆಂದು ಚಂದಾ. ಒಂದು ಕಡೆ, ದುಂಡಗಿನ ಅಕ್ಷರದಲ್ಲಿ: ಬಾವಿಗೆ ಕಲ್ಲು ಹಾಕಿದ ಹುಡುಗರು ತಾವಾಗಿಯೇ ಬಂದು ಮುಖ್ಯೋಪಾಧ್ಯಾಯರನ್ನು ಕಾಣತಕ್ಕದ್ದು. ಮಾರನೆಯ ದಿನ ಅದರ ಕೆಳಗೆ ಅದೇ ಶಾಯಿಯಲ್ಲಿ: ಈವರೆಗೆ ಯಾರೂ ಬಂದಿರುವುದಿಲ್ಲ. ಮುಂದಿನ ಪುಟದಲ್ಲಿ ಆ ವಿಷಯವೇ ಇಲ್ಲ. ಆ ಹುಡುಗರಿಗೆ ಈಗ 60 ದಾಟಿರಬೇಕು. ಸಂಚಿಕೆ ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಕೂತಿರಲೂಬಹುದು.

ಹೀಗೆ ಓದುತ್ತ ಓದುತ್ತ ನನ್ನ ಕಾಲಕ್ಕೆ ಬಂದೆ. 2012ರ ಮೇ ತಿಂಗಳ ಹಾಳೆಯಲ್ಲಿ ಒಂದೇ ಸಾಲು, ಕೆಳಗೆ ಕೆಂಪು ಶಾಯಿಯ ಎರಡು ಗೆರೆ: ಈ ಸಾಲಿನ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ಶಾಲೆಯ ಕನ್ನಡ ಮಾಧ್ಯಮ ವಿಭಾಗಕ್ಕೆ ಶೇಕಡಾ 100 ಫಲಿತಾಂಶ. ಕೂತವರು 36, ತೇರ್ಗಡೆಯಾದವರು 36. ಆ 36ರಲ್ಲಿ ನಾನೂ ಒಬ್ಬ. ಆ ವರ್ಷದ ವಾರ್ಷಿಕೋತ್ಸವದಲ್ಲಿ ವರದಿ ವಾಚನ ಮಾಡಿದ ಮೇಷ್ಟ್ರು ಈ ಸಾಲಿಗೆ ಬಂದಾಗ ಚಪ್ಪಾಳೆಗೆ ಬಿಡುವು ಕೊಟ್ಟಿದ್ದು ನೆನಪಿದೆ.

ಆ ಸಾಲಿನಲ್ಲಿ ಸುಳ್ಳಿಲ್ಲ. ಆದರೆ ಅದರ ಕೆಳಗೆ ಎರಡು ಸಂಗತಿಗಳಿವೆ, ಎರಡೂ ನನಗೆ ಗೊತ್ತು.

ಮೊದಲನೆಯದು ಗಣಿತ ಪರೀಕ್ಷೆಯ ದಿನದ್ದು. ನಮಗೆ ಹೆಣ್ಣುಮಕ್ಕಳ ಹೈಸ್ಕೂಲೇ ಪರೀಕ್ಷಾ ಕೇಂದ್ರ. ಮೂರು ವರ್ಷ ಕಾಂಪೌಂಡಿನ ಆಚೆಯಿಂದ ಮಾತ್ರ ನೋಡಿದ್ದ ಆ ಶಾಲೆಯೊಳಕ್ಕೆ ನಾವು ಕಾಲಿಟ್ಟದ್ದು ಹಾಲ್ ಟಿಕೆಟ್ ಹಿಡಿದುಕೊಂಡೇ. ನಮ್ಮ ಕೊಠಡಿಗೆ ಯಾವುದೋ ಹಳ್ಳಿಯ ಶಾಲೆಯ ಮೇಡಂ ಒಬ್ಬರು ಮೇಲ್ವಿಚಾರಕರಾಗಿ ಬಂದಿದ್ದರು. ಎರಡು ಗಂಟೆ ಸುಮ್ಮನೆ ಓಡಾಡಿದರು. ಕೊನೆಯ ಹೊತ್ತಿಗೆ ಬಾಗಿಲ ಬಳಿ ನಿಂತು, ಹೊರಗೊಮ್ಮೆ ನೋಡಿ, ಪ್ರಾರ್ಥನೆ ಹೇಳುವಷ್ಟು ಸಣ್ಣ ದನಿಯಲ್ಲಿ ಹೇಳತೊಡಗಿದರು: ‘ಒಂದು ಬಿ. ಎರಡು ಡಿ. ಮೂರು ಎ.’ ಇಡೀ ಕೊಠಡಿಯಲ್ಲಿ ಪೆನ್ನಿನ ಸದ್ದು. ನನ್ನ ಪಕ್ಕದ ಸಾಲಿನಲ್ಲಿದ್ದ ಗೆಳೆಯನಿಗೆ ಬೀಜಗಣಿತವೆಂದರೆ ಕತ್ತಲೆ. ಅವನ ಕೈ ನಡುಗುತ್ತಿತ್ತು. ಫಲಿತಾಂಶ ಬಂದಾಗ ಗಣಿತದಲ್ಲಿ ಅವನಿಗೆ 38. ಪಾಸಿಗೆ 35 ಬೇಕಿತ್ತು. ಅವನು ಐಟಿಐ ಸೇರಿದ, ಇವತ್ತು ಕರೆಂಟ್ ಕಂಬ ಹತ್ತುವ ಕಾಯಂ ನೌಕರಿಯಲ್ಲಿದ್ದಾನೆ, ತಂಗಿಯ ಮದುವೆ ಮಾಡಿದ್ದಾನೆ. ಇನ್ನು ನಾನು. ನನ್ನ ಉತ್ತರಗಳೆಲ್ಲ ಬರೆದಾಗಿತ್ತು. ಒಂದರಲ್ಲಿ ಮಾತ್ರ ಮೇಡಂ ಹೇಳಿದ್ದಕ್ಕೂ ನನ್ನದಕ್ಕೂ ತಾಳೆಯಾಗಲಿಲ್ಲ. ನಾನು ಅದನ್ನು ಹೊಡೆದುಹಾಕಿ ತಿದ್ದಿಕೊಂಡೆ. ಆ ಒಂದು ಅಂಕದಿಂದ ನನ್ನ ಬದುಕಿನಲ್ಲಿ ಏನೂ ಬದಲಾಗಲಿಲ್ಲ. ಗೆಳೆಯ ಬರೆದುಕೊಂಡದ್ದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ನಾನು ಯಾಕೆ ತಿದ್ದಿದೆ ಎಂಬುದು ಇವತ್ತಿಗೂ ಬಗೆಹರಿದಿಲ್ಲ.

ಎರಡನೆಯದು ಅದಕ್ಕಿಂತ ಒಂದು ವರ್ಷ ಹಿಂದಿನದು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತ್ತು. ಎಂಟನೇ ತರಗತಿಯವರೆಗೆ ಯಾರನ್ನೂ ಫೇಲು ಮಾಡುವಂತಿರಲಿಲ್ಲ. ಹಾಗಾಗಿ ಒಂಬತ್ತನೆಯದೇ ಜರಡಿ. ದಾಖಲಾತಿ ರಿಜಿಸ್ಟರಿನಲ್ಲಿ ಎಣಿಸಿದೆ: 2010ರ ಜೂನ್‌ನಲ್ಲಿ ನಮ್ಮ ಒಂಬತ್ತನೇ ತರಗತಿಯಲ್ಲಿ ಇದ್ದವರು 41 ಹುಡುಗರು. ಹತ್ತಕ್ಕೆ ಬಂದವರು 36. ಐವರಲ್ಲಿ ಇಬ್ಬರು ಅಪ್ಪಂದಿರ ವರ್ಗಾವಣೆಯಿಂದ ಊರು ಬಿಟ್ಟವರು. ಉಳಿದ ಮೂವರನ್ನು ಒಂಬತ್ತರಲ್ಲೇ ನಿಲ್ಲಿಸಿ, ‘ಇಲ್ಲಿ ಕಷ್ಟ, ಬೇರೆ ಕಡೆ ಸೇರಿಸಿ’ ಎಂದು ಮನೆಯವರನ್ನು ಕರೆಸಿ ಟಿ.ಸಿ. ಕೊಟ್ಟರು. ರಿಜಿಸ್ಟರಿನ ಷರಾ ಕಾಲಂನಲ್ಲಿ ಮೂವರ ಎದುರಿಗೂ ಬರೆದಿರುವುದು ಒಂದೇ: ಪೋಷಕರ ಕೋರಿಕೆಯ ಮೇರೆಗೆ.

ಈ ಎರಡರಲ್ಲಿ ಯಾವುದು ಹೆಚ್ಚು ತಪ್ಪು? ಮೈಸೂರಿಗೆ ವಾಪಸು ಬರುವ ರೈಲಿನಲ್ಲಿ ನನ್ನನ್ನು ಹಿಡಿದ ಪ್ರಶ್ನೆ ಇದು. ಯಾರನ್ನು ಕೇಳಿದರೂ ಮೊದಲನೆಯದು ಎನ್ನುತ್ತಾರೆ. ಅದು ನಕಲು, ಅಪರಾಧ, ಸಿಕ್ಕಿಬಿದ್ದಿದ್ದರೆ ಮೇಡಂ ಅಮಾನತಾಗುತ್ತಿದ್ದರು. ಎರಡನೆಯದರಲ್ಲಿ ನಿಯಮ ಮುರಿದಿಲ್ಲ. ಓದದ ಹುಡುಗರನ್ನು ಫೇಲು ಮಾಡಿದರು, ಕೇಳಿದವರಿಗೆ ಟಿ.ಸಿ. ಕೊಟ್ಟರು, ಉಳಿದವರೆಲ್ಲ ಪಾಸಾದರು. ಕೂತವರು 36, ಗೆದ್ದವರು 36. ಯಾರ ಬಾಯಿಂದಲೂ ಒಂದು ಸುಳ್ಳು ಮಾತು ಹೊರಟಿಲ್ಲ.

ಸುಳ್ಳಾಡದೆ ದಾರಿ ತಪ್ಪಿಸುವುದು ಸುಳ್ಳಾಡುವುದಕ್ಕಿಂತ ಮೇಲೋ ಎಂಬುದು ತತ್ವಶಾಸ್ತ್ರದಲ್ಲಿ ಹಳೆಯ ತಕರಾರು. ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಒಂದು ಪ್ರಬಂಧ ಬರೆದು, ಕೊಲೆಗಡುಕನೇ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಬಾರದು ಎಂದು ಹಟ ಹಿಡಿದ. ಅದೇ ಕಾಂಟ್ ಮೂರು ವರ್ಷ ಹಿಂದೆ, ಧರ್ಮದ ವಿಚಾರ ಬರೆಯಕೂಡದೆಂದು ಪ್ರಷ್ಯದ ರಾಜ ತಾಕೀತು ಮಾಡಿದಾಗ, ‘ತಮ್ಮ ನಿಷ್ಠಾವಂತ ಪ್ರಜೆಯಾಗಿ’ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದ. ಆ ರಾಜ ಸತ್ತ ಮೇಲೆ, ನಾನು ಆ ಶಬ್ದಗಳನ್ನು ಬೇಕೆಂತಲೇ ಆರಿಸಿದ್ದೆ, ಅವನು ಬದುಕಿರುವವರೆಗೆ ಮಾತ್ರ ಆ ಮಾತು ನನ್ನನ್ನು ಕಟ್ಟುತ್ತಿತ್ತು ಎಂದ. ಕಾಂಟ್ ನಮ್ಮ ಶಾಲೆಯ ವರದಿ ಬರೆದಿದ್ದರೆ ಆ ಕೆಂಪು ಶಾಯಿಯ ಸಾಲನ್ನು ಹಾಗೆಯೇ ಉಳಿಸುತ್ತಿದ್ದ ಎಂದು ನನಗೆ ಅನುಮಾನ.

ನಮ್ಮ ಕಡೆಯ ಕತೆ ಇಷ್ಟು ಸಲೀಸಾಗಿ ಬಿಡುವುದಿಲ್ಲ. ಧರ್ಮರಾಯ ಅಶ್ವತ್ಥಾಮ ಸತ್ತನೆಂದು ದ್ರೋಣನಿಗೆ ಕೇಳುವಂತೆ ಹೇಳಿ, ಆನೆ ಎಂಬುದನ್ನು ಮೆಲ್ಲಗೆ ಹೇಳಿದ. ಅಕ್ಷರ ಹಿಡಿದು ನೋಡಿದರೆ ಅವನು ಹೇಳಿದ್ದು ನಿಜ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ಆ ಕ್ಷಣ ನೆಲಕ್ಕೆ ತಾಗಿತು. ನಿಜದ ಯಾವ ತುಂಡನ್ನು ಗಟ್ಟಿಯಾಗಿ ಹೇಳಿದೆ, ಯಾವುದನ್ನು ಮೆಲ್ಲಗೆ ಹೇಳಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕತೆ ಇದು. 36 ಎಂಬುದನ್ನು ಮೈಕಿನಲ್ಲಿ ಹೇಳಿದರು. 41 ಎಂಬುದು ಬೀರುವಿನಲ್ಲಿತ್ತು.

ಹಾಗೆಂದು ಮೇಡಂ ಮಾಡಿದ್ದು ಸರಿ ಎನ್ನುತ್ತಿಲ್ಲ. ಆ ಪಿಸುಮಾತು ಕರುಣೆಯೇ ಇರಬಹುದು, ಆದರೆ ಪಕ್ಕದ ಕೊಠಡಿಯಲ್ಲಿ ಕಟ್ಟುನಿಟ್ಟಿನ ಮೇಷ್ಟ್ರಿದ್ದರೆ ಅಲ್ಲಿನ 33 ತೆಗೆದ ಹುಡುಗನ ಗತಿಯೇನು? ಅವನಿಗೂ ತಂಗಿಯಿದ್ದಿರಬಹುದು. ಇದು ನಮ್ಮ ಒಂದು ಕೊಠಡಿಯ ಮಾತಲ್ಲ ಎಂದು ಮುಂದೆ ಗೊತ್ತಾಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಹುಡುಗಿಯರಲ್ಲಿ 81.11 ಪಾಸಾದರೆ ಹುಡುಗರಲ್ಲಿ 65.90. ಬಾಗಿಲ ಬಳಿಯ ಪಿಸುಮಾತನ್ನು ನಿಲ್ಲಿಸಿ ಅದನ್ನೇ ಸುತ್ತೋಲೆ ಮಾಡಿದರು ಎಂದು ನಮ್ಮ ಹಾಸ್ಟೆಲಿನಲ್ಲಿ ಒಬ್ಬ ನಗೆಯಾಡಿದ. ನಗು ಬಂತು, ಆಮೇಲೆ ಆ ಗಂಡುಹುಡುಗರ ಅಂಕಿ ತಲೆಯಲ್ಲಿ ಉಳಿಯಿತು.

ಪರೀಕ್ಷಾ ಕೊಠಡಿ ಎಂದಾಗ ಗಾಂಧಿಯ ಆತ್ಮಕತೆಯ ಪ್ರಸಂಗ ಎಲ್ಲರಿಗೂ ನೆನಪಾಗುತ್ತದೆ. ರಾಜಕೋಟೆಯ ಹೈಸ್ಕೂಲಿನ ಮೊದಲ ವರ್ಷ. ಜೈಲ್ಸ್ ಎಂಬ ಇನ್‌ಸ್ಪೆಕ್ಟರು ಐದು ಇಂಗ್ಲಿಷ್ ಪದ ಬರೆಸಿದರು. ‘ಕೆಟಲ್’ ತಪ್ಪಾಯಿತು. ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡಿ ಪಕ್ಕದವನ ಸ್ಲೇಟು ನೋಡೆಂದರೂ ಹುಡುಗನಿಗೆ ತಿಳಿಯಲಿಲ್ಲ. ಮೇಷ್ಟ್ರು ಇರುವುದೇ ನಕಲು ತಡೆಯಲು ಎಂದು ಅವನು ಅಂದುಕೊಂಡಿದ್ದ. ಈ ಕತೆಯನ್ನು ನಾವು ಹೇಳುವುದು ಹುಡುಗನ ಪ್ರಾಮಾಣಿಕತೆಗಾಗಿ. ಈಗ ನನ್ನ ಕಣ್ಣಿಗೆ ಬೀಳುವುದು ಆ ಮೇಷ್ಟ್ರ ಬೂಟು. ಆತ ಸನ್ನೆ ಮಾಡಿದ್ದು ಹುಡುಗನಿಗಾಗಿಯೋ, ಎದುರಿಗೆ ನಿಂತಿದ್ದ ಇನ್‌ಸ್ಪೆಕ್ಟರಿಗಾಗಿಯೋ? ಇನ್ನುಳಿದ ಹುಡುಗರದ್ದೆಲ್ಲ ಸರಿಯಾಗಿತ್ತಂತೆ. ಒಬ್ಬನಿಂದಾಗಿ ಅಲ್ಲಿ ನೂರಕ್ಕೆ ನೂರು ತಪ್ಪಿತು. ಆ ಶಾಲೆ 2017ರಲ್ಲಿ ಮುಚ್ಚಿ, ಈಗ ಗಾಂಧಿಯ ವಸ್ತುಸಂಗ್ರಹಾಲಯವಾಗಿದೆ.

ನಮ್ಮ ಆಗಿನ ಹೆಡ್‌ಮಾಸ್ಟರು ನಿವೃತ್ತರಾಗಿ ತೋಟ ನೋಡಿಕೊಂಡಿದ್ದಾರೆ. ಹೋಗಿ ನೇರವಾಗಿಯೇ ಕೇಳಿದೆ. ಸಿಟ್ಟಾಗಲಿಲ್ಲ. ‘ಏನಪ್ಪಾ, ನಿಮಗೆ ಬರೆಯೋಕೆ ಸುಲಭ. ರಿಸಲ್ಟ್ ಕಮ್ಮಿ ಆದ್ರೆ ಮೇಲಿನೋರು ಲೆಟರ್ ಕಳಿಸಿ ಯಾಕೆ ಅಂತ ಕೇಳ್ತಾರೆ. ಜಾಸ್ತಿ ಆದ್ರೆ ಯಾಕೆ ಅಂತ ಒಬ್ರೂ ಕೇಳಲ್ಲ’ ಎಂದರು. ಎಳನೀರು ಕೆತ್ತಿಸಿ ಕೊಟ್ಟರು. ನನಗೆ ಸಮಾಸ ಕಲಿಸಿದವರು, ಮೊದಲ ಬಾರಿ ಕೈಗೆ ಕಾದಂಬರಿ ಕೊಟ್ಟವರು. ಗಾಂಧಿಗೆ ಆ ಮೇಷ್ಟ್ರ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಹಿರಿಯರ ತಪ್ಪಿಗೆ ಅವರು ಸ್ವಭಾವತಃ ಕುರುಡಾಗಿದ್ದರಂತೆ. ನಾನು ಕುರುಡನಲ್ಲ, ಆದರೂ ಗೌರವ ಕಡಿಮೆಯಾಗಲಿಲ್ಲ. ಅದು ನನಗೆ ಹಿತವಾಗಿಯೇನೂ ಇಲ್ಲ.

ಟಿ.ಸಿ. ಕೊಟ್ಟ ಮೂವರಲ್ಲಿ ಒಬ್ಬ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದಾನೆ ಎಂದು ತಿಳಿದು ಹುಡುಕಿಕೊಂಡು ಹೋದೆ. ಮೊದಲು ‘ಕೂತ್ಕೊಳಿ ಸಾರ್’ ಎಂದ. ಟೀ ಬರುವ ಹೊತ್ತಿಗೆ ‘ಲೋ’ ಎಂಬುದಕ್ಕೆ ಬಂದಿದ್ದ. ಬೇರೆ ಶಾಲೆಗೆ ಸೇರಲೇ ಇಲ್ಲವಂತೆ. ಮುಂದಿನ ಶಾಲೆ ಇದ್ದದ್ದು ಹನ್ನೊಂದು ಕಿಲೋಮೀಟರ್ ದೂರ, ಅಪ್ಪ ಹಮಾಲಿ. ಶಾಲೆಯ ಹಬ್ಬಕ್ಕೆ ಬರುತ್ತೀಯಲ್ಲ ಎಂದೆ. ‘ನಂಗೆಲ್ಲಿ ಕರ್ದವ್ರೆ?’ ಎಂದ. ಆಗ ಹೊಳೆಯಿತು. ಹಳೇ ವಿದ್ಯಾರ್ಥಿಗಳ ಪಟ್ಟಿಯನ್ನು ಸಂಘದವರು ಮಾಡಿರುವುದು ಎಸ್.ಎಸ್.ಎಲ್.ಸಿ. ಬ್ಯಾಚಿನ ಪ್ರಕಾರ. ಎಂಟು, ಒಂಬತ್ತು ಎರಡು ವರ್ಷ ನಮ್ಮ ಜೊತೆ ಕೂತವನು, ಖೋಖೋದಲ್ಲಿ ನಮ್ಮನ್ನೆಲ್ಲ ಅಟ್ಟಾಡಿಸಿದವನು, ಆ ಪಟ್ಟಿಯ ಪ್ರಕಾರ ಆ ಶಾಲೆಯಲ್ಲಿ ಓದಿಯೇ ಇಲ್ಲ. ಒಂದು ಸಲ ಫಲಿತಾಂಶಕ್ಕಾಗಿ ಕಳೆದರು, ಎರಡನೇ ಸಲ ಯಾವ ಉದ್ದೇಶವೂ ಇಲ್ಲದೆ ತಾನಾಗಿಯೇ ಕಳೆದುಹೋದ.

ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ‘ಬರ್ಕೊ. ನನ್ ಹೆಸ್ರು ಮಾತ್ರ ಹಾಕ್ಬ್ಯಾಡ ಕಣ್ಲಾ. ಅಣ್ಣನ ಮಗ ಅಲ್ಲೇ ಎಂಟ್ನೇ ಕ್ಲಾಸು.’

ಸತ್ಯ ಎಂದರೆ ಕನ್ನಡದ ಮಕ್ಕಳಿಗೆಲ್ಲ ಮೊದಲು ಸಿಗುವುದು ಪುಣ್ಯಕೋಟಿ. ಅವಳು ಕೊಟ್ಟ ಮಾತಿಗೆ ಪಣವಾಗಿಟ್ಟದ್ದು ತನ್ನ ಮೈಯನ್ನು, ಕರುವಿನದ್ದನ್ನಲ್ಲ. ಆದರೂ ತಬ್ಬಲಿಯಾಗಬೇಕಿದ್ದದ್ದು ಕರುವೇ. ನಾನು ನಿಜ ಬರೆದರೆ ನನಗೆ ಆಗುವ ನಷ್ಟವೇನು? ಇಂಥದ್ದೊಂದು ಲೇಖನ ಸಿಗುತ್ತದೆ, ಅಷ್ಟೆ. ಖರ್ಚು ಬೀಳುವುದು ಕಂಬ ಹತ್ತುವ ಗೆಳೆಯನಿಗೆ, ತೋಟದ ಮೇಷ್ಟ್ರಿಗೆ, ಎಂಟನೇ ಕ್ಲಾಸಿನ ಆ ಹುಡುಗನಿಗೆ. ಗೆಳೆಯನಿಗೆ ಫೋನು ಮಾಡಿ ಇಲ್ಲಿ ಹೆಸರಿಲ್ಲದೆ ಬರೆಯಲೇ ಎಂದು ಕೇಳಿದಾಗ ನಕ್ಕ. ‘ಬರಿ ಮಾರಾಯ. ಕಂಬಕ್ಕೇನ್ ಬೀಜಗಣಿತ ಗೊತ್ತೈತಾ?’ ಸ್ವಲ್ಪ ಹೊತ್ತು ಬಿಟ್ಟು, ‘ಸಂಚಿಕೇಲಿ ಬ್ಯಾಡ ಆಯ್ತಾ’ ಎಂದ.

ಹಾಗಾಗಿ ಸಂಚಿಕೆಯ ಲೇಖನದಲ್ಲಿ ಪಿಸುಮಾತನ್ನು ಬಿಟ್ಟೆ. ನಾನೂ ಕಳೆಯುವ ಲೆಕ್ಕವನ್ನೇ ಮಾಡಿದೆ, ಗೊತ್ತು. ಕಳೆದದ್ದು ಒಬ್ಬನನ್ನು ಹೊರಗೆ ಹಾಕಲಿಕ್ಕಲ್ಲ, ಒಳಗೆ ಉಳಿಸಿಕೊಳ್ಳಲಿಕ್ಕೆ ಎಂದು ಸಮಾಧಾನ ಹೇಳಿಕೊಂಡಿದ್ದೇನೆ. ಹೆಡ್‌ಮಾಸ್ಟರೂ ಏನೋ ಒಂದು ಸಮಾಧಾನ ಹೇಳಿಕೊಂಡೇ ಇರುತ್ತಾರೆ.

2012ರ ಕುರಿತು ನಾನು ಬರೆದುಕೊಟ್ಟದ್ದು ಮೂರು ಸಾಲು. 2010ರ ಜೂನ್‌ನಲ್ಲಿ ಒಂಬತ್ತನೇ ತರಗತಿಯಲ್ಲಿದ್ದವರು 41. 2012ರಲ್ಲಿ ಪರೀಕ್ಷೆಗೆ ಕೂತವರು 36. ಎಲ್ಲರೂ ತೇರ್ಗಡೆ. ಜೊತೆಗೆ, ಆಮಂತ್ರಣದ ಪಟ್ಟಿಯನ್ನು ಎಸ್.ಎಸ್.ಎಲ್.ಸಿ. ಬ್ಯಾಚಿನಿಂದಲ್ಲ, ದಾಖಲಾತಿ ರಿಜಿಸ್ಟರಿನಿಂದ ಮಾಡಬೇಕೆಂದು ಸಂಘಕ್ಕೆ ಒಂದು ಪತ್ರ ಬರೆದೆ. ಅದಕ್ಕೆ ಒಪ್ಪಿದರು. ಪರವಾಗಿಲ್ಲ, ಒಳ್ಳೆಯ ಸಲಹೆ, ಚಂದಾ ಕೊಡುವವರೂ ಹೆಚ್ಚುತ್ತಾರೆ ಎಂದರು. ಲೇಖನದ ಬಗ್ಗೆ ಮೊನ್ನೆ ಸಂಪಾದಕ ಸಮಿತಿಯವರು ಫೋನು ಮಾಡಿದ್ದರು. ಎಲ್ಲ ಚೆನ್ನಾಗಿದೆಯಂತೆ. ಜಾಹೀರಾತು ಜಾಸ್ತಿ ಬಂದು ಜಾಗ ಸಾಲುತ್ತಿಲ್ಲ, ಆ ಮೂರರಲ್ಲಿ ಮೊದಲನೇ ಸಾಲು ತೆಗೆಯಬಹುದೇ ಎಂದು ಕೇಳಿದರು.