ಈರ್ಯಾಸಮಿತಿಯೂ ವಿದ್ಯುತ್ ವಾಹನವೂ

ಕನಕಪುರದಿಂದ ದೊಡ್ಡಆಲಹಳ್ಳಿಯ ಮೂಲಕ ಸಂಗಮಕ್ಕೆ ಹೋಗುವ ದಾರಿಯಲ್ಲಿ ವೇಗದ ಕಾರನ್ನು ನಡೆಸುವವನ ಕೈ ಗೇರಿನಲ್ಲಿ, ಕಿವಿ ಎಂಜಿನ್ನಿನ ಸದ್ದಿನಲ್ಲಿ, ಕಣ್ಣು ತಿರುವಿನಲ್ಲಿ ಇರಲೇಬೇಕಿತ್ತು. 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ನಿಧಾನದ ಗಾಡಿ. ಇಂದಿನ ವಿದ್ಯುತ್ ಕಾರಾದರೋ ನೈಪುಣ್ಯವನ್ನು ಬೇಡದೆಯೇ ವೇಗವನ್ನು ಕೊಡುತ್ತದೆ. ಚಾಲಕನ ಕಲೆ ಅಳಿಯಿತೆಂದು ರಸಿಕರು ಮರುಗುತ್ತಾರೆ. ಆ ಕಲೆಯಲ್ಲಿ ರಾಗವೂ ಇತ್ತು, ಎಚ್ಚರವೂ ಇತ್ತು. ರಾಗ ಹೋದರೆ ಶ್ರಾವಕನಿಗೆ ನಷ್ಟವಿಲ್ಲ. ಪೆಟ್ರೋಲಿನ ಲೆಕ್ಕದಲ್ಲಿ ಲಾಭವೇ! ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡರು. ಹೊಗೆಯಿಲ್ಲವೆಂಬ ಸಮಾಧಾನದಲ್ಲಿ ಎಚ್ಚರವು ಸಡಿಲಿದರೆ ವಾಹನವು ಅಹಿಂಸಕವಾಗದು. ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಚಲಿಸುವಾಗ ಪಾದಚಾರಿಗಳಿಗೆ ಕೇಳುವಂತೆ ಸದ್ದು ಮಾಡಬೇಕೆಂದು ಯುರೋಪ್ ಒಕ್ಕೂಟವು 2019ರಿಂದ ವಿಧಿಸಿದೆ. ಇರುಳಿನಲ್ಲಿ ರಸ್ತೆ ದಾಟುವ ಕಪ್ಪೆ, ಹಾವುಗಳಿಗೆ ಅಂಥ ಕಾಯ್ದೆಯಿಲ್ಲ. ಮುನಿಗಳು ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಕಾರಿನಲ್ಲಿ ಕುಳಿತ ಶ್ರಾವಕನು ದೀಪದ ಬೆಳಕು ಬೀಳುವಷ್ಟು ದೂರವನ್ನಾದರೂ ನೋಡಬೇಕಲ್ಲವೆ?