ಒಮ್ಮತದ ಮೇಲೆ ನನ್ನದೊಂದು ತಕರಾರು

"ಸಂವಿಧಾನದ ವಿಷಯದಲ್ಲಿ ರಾಜಕೀಯ ಬೇಡ, ಎಲ್ಲ ಪಕ್ಷದವರೂ ಕೂತು ಒಮ್ಮತಕ್ಕೆ ಬರಲಿ." ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲಿನ ಹರಟೆಯಲ್ಲೂ ಇದೇ ಮಾತು, ಪತ್ರಿಕೆಯ ಸಂಪಾದಕೀಯದಲ್ಲೂ ಇದೇ ಮಾತು. ಎದುರಾಡಿದವರೇ ಕಿಡಿಗೇಡಿಗಳು. ನನಗಂತೂ ಕೇಳಿದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತದೆ. ಯಾರಿಗೆ ಎಷ್ಟು ಸೀಟು, ಯಾರ ಮಾತಿಗೆ ಎಷ್ಟು ತೂಕ ಎಂದು ಗೊತ್ತುಮಾಡುವುದಕ್ಕಿಂತ ದೊಡ್ಡ ರಾಜಕೀಯ ಇನ್ನಾವುದಿದೆ? ನನ್ನ ಗುಮಾನಿ ಇಷ್ಟು: ಪಾರ್ಲಿಮೆಂಟಿನಲ್ಲಿ ಎಲ್ಲರೂ ಒಂದೇ ಸಲ ಮೇಜು ತಟ್ಟಿದರೆಂದರೆ, ಜಗಳದ ಭಾಗವನ್ನು ಯಾರೋ ಮೆಲ್ಲಗೆ ಮುಂದಿನವರ ತಲೆಗೆ ಕಟ್ಟಿದ್ದಾರೆ ಎಂದೇ ಅರ್ಥ.

ರೂಸೋನ ಸಾಮಾನ್ಯ ಇಚ್ಛೆ, ಜೆಪಿಯವರ ಪಕ್ಷರಹಿತ ಪ್ರಜಾಪ್ರಭುತ್ವ ಎರಡನ್ನೂ ಓದಿದ್ದೇನೆ, ಆಕಳಿಸಿದ್ದೇನೆ. ಸುಲಭವಾಗಿ ಬಿಡದವನು ಗ್ರ್ಯಾನ್‌ವಿಲ್ ಆಸ್ಟಿನ್. ನಮ್ಮ ಸಂವಿಧಾನ ರಚನೆಯ ಬಗ್ಗೆ 1966ರಲ್ಲಿ ಬಂದ ಪುಸ್ತಕದಲ್ಲಿ ಈ ಅಮೆರಿಕನ್ ಇತಿಹಾಸಕಾರ ಹೇಳುವುದು: ಬಹುಮತವಿದ್ದರೂ ಅದನ್ನು ಬೀಸದೆ, ಒಮ್ಮತದಿಂದ, ಹೊಂದಾಣಿಕೆಯಿಂದ ನಡೆದುಕೊಂಡದ್ದೇ ಸಂವಿಧಾನ ರಚನೆಗೆ ಭಾರತ ಕೊಟ್ಟ ಸ್ವಂತ ಕೊಡುಗೆ. ಇದನ್ನು ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಆತ ಕಡತ ಓದಿದವನು, ಬದುಕಿದ್ದ ಸದಸ್ಯರನ್ನು ಮಾತಾಡಿಸಿದವನು.

ಆದರೂ ಕೇಳಬೇಕು: ಆ ಒಮ್ಮತ ಕುದುರಿದ್ದು ಎಲ್ಲಿ? ಆಸ್ಟಿನ್ನೇ ಬರೆಯುವಂತೆ, ಬಹಳಷ್ಟು ಕುದುರಿದ್ದು ಕಾಂಗ್ರೆಸ್ ಪಕ್ಷದ ಒಳಸಭೆಗಳಲ್ಲಿ. ಬೇತಮಂಗಲದ ಪಕ್ಕದ ಕ್ಯಾಸಂಬಳ್ಳಿಯವರಾದ ಕೆ.ಸಿ. ರೆಡ್ಡಿ, ಅಂದರೆ ಮೈಸೂರಿನ ಮೊದಲ ಮುಖ್ಯಮಂತ್ರಿ, ಆ ಸಂವಿಧಾನ ಸಭೆಯ ಸದಸ್ಯರಾಗಿದ್ದರು ಎಂದು ನಮ್ಮ ಕಡೆಯವರಿಗೆ ಹೆಮ್ಮೆ, ನನಗೂ. ಆದರೆ ಒಂದು ಪಕ್ಷದ ಮನೆಯೊಳಗಿನ ರಾಜಿಯನ್ನು ದೇಶದ ಒಮ್ಮತ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಪಕ್ಷದ ಶಿಸ್ತನ್ನು ಮೆಚ್ಚಿಕೊಂಡರು, ನಿಜ. ಜೊತೆಗೆ ಕಾಮತ್, ಕುಂಜ್ರು, ಕೆ.ಟಿ. ಶಾ ಮುಂತಾದ ತಕರಾರಿನವರನ್ನೂ ಹೆಸರು ಹಿಡಿದು ನೆನೆದರು. ಅವರಿಲ್ಲದಿದ್ದರೆ ಸಭೆ ಸಪ್ಪೆಯಾಗುತ್ತಿತ್ತು ಎಂಬರ್ಥದ ಮಾತೂ ಆಡಿದರು.

ಅದೇ ವರ್ಷ ಸೆಪ್ಟೆಂಬರ್ 14ರಂದು ಭಾಷೆಯ ರಾಜಿ ಆಯಿತು: ಆಡಳಿತ ಭಾಷೆ ಹಿಂದಿ, ಇಂಗ್ಲಿಷ್ ಇನ್ನು 15 ವರ್ಷ ಇರಲಿ. ಎಲ್ಲರೂ ನಿಟ್ಟುಸಿರು ಬಿಟ್ಟರು. 15 ವರ್ಷ ಮುಗಿದ ಕೂಡಲೇ, 1965ರಲ್ಲಿ, ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಹಜಾರದಲ್ಲಿ ಕನ್ನಡ, ಅಡುಗೆಮನೆಯಲ್ಲಿ ತೆಲುಗು, ಕೆಜಿಎಫ್ ಮಾರುಕಟ್ಟೆಯಲ್ಲಿ ತಮಿಳು ಆಡುವ ನಮ್ಮಂಥ ಮನೆಯವರಿಗೆ ಆ ರಾಜಿ ಇವತ್ತಿಗೂ ಅರ್ಧ ಬರೆದ ಕರಾರುಪತ್ರದ ಹಾಗೆ ಕಾಣುತ್ತದೆ.

ಮುಂದೂಡುವುದು ಹೇಗಿರುತ್ತದೆಂದು ನಾನು ಹತ್ತಿರದಿಂದ ನೋಡಿದ್ದು ನಮ್ಮ ಹೋಬಳಿಯ ಒಂದು ಊರಿನಲ್ಲಿ. ಪಂಚಾಯಿತಿ ಚುನಾವಣೆಯಲ್ಲಿ ಅವಿರೋಧ ಆಯ್ಕೆ ಆಗಲೆಂದು ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಕೂತಿದ್ದರು. ನಾಮಪತ್ರ ಹಾಕಿದ್ದ ಹೆಂಗಸು ಕಂಬದ ಆಚೆ ನಿಂತಿದ್ದಳು. ವಾಪಸ್ ತೆಗೆಯುವ ಅರ್ಜಿಯನ್ನು ಯಾರೋ ಮೊದಲೇ ತುಂಬಿಸಿಟ್ಟಿದ್ದರು, ಸಹಿಯ ಜಾಗ ಮಾತ್ರ ಖಾಲಿ. "ಊರಲ್ಲಿ ಜಗಳ ಬೇಡಮ್ಮ, ಮುಂದಿನ ಸಾರಿ ನೀನೇ" ಅಂದರು ಒಬ್ಬ ಯಜಮಾನರು. "ಮುಂದಿನ ಸಾರಿ ಮೀಸಲಾತಿ ಬದಲಾಗುತ್ತಲ್ಲಣ್ಣ?" ಅಂದಳು ಆಕೆ. ಯಾರೂ ಉತ್ತರ ಕೊಡಲಿಲ್ಲ. ಸಹಿ ಬಿತ್ತು, ಖಾರಾಬೂಂದಿ ಹಂಚಿದರು.

ಲೋಕಸಭೆಯ ಮಹಿಳಾ ಮೀಸಲಾತಿಯ ಕಥೆ ಬೇರೆಯಲ್ಲ. 1996ರ ಸೆಪ್ಟೆಂಬರಿನಲ್ಲಿ ದೇವೇಗೌಡರ ಸರ್ಕಾರ ಮಸೂದೆ ಮಂಡಿಸಿದಾಗಿನಿಂದ ಒಳಮೀಸಲಾತಿಯ ಜಗಳ ನಡೆದೇ ಇತ್ತು. 2023ರಲ್ಲಿ ಲೋಕಸಭೆ 454ಕ್ಕೆ 2ರಂತೆ, ರಾಜ್ಯಸಭೆ 214ಕ್ಕೆ ಸೊನ್ನೆಯಂತೆ ಒಪ್ಪಿದವು. ಹೇಗೆ? ಜಾರಿ ಯಾವಾಗ ಅಂದರೆ ಮುಂದಿನ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆಯೂ ಆದಮೇಲೆ! 2024ರ ಚುನಾವಣೆಗೆ ಅದು ಸಿಗಲಿಲ್ಲ. ಹಿಂದುಳಿದ ಮತ್ತು ಮುಸ್ಲಿಂ ಹೆಂಗಸರಿಗೆ ಪಾಲೆಲ್ಲಿ ಎಂದು ಕೇಳಿದವರದು ಆ ಎರಡು ವೋಟು. ಅವರ ರಾಜಕೀಯ ನನಗೆ ಒಗ್ಗುವುದಿಲ್ಲ, ಆದರೆ ಪ್ರಶ್ನೆಯನ್ನು ಜೀವಂತ ಇಟ್ಟವರು ಅವರೇ.

ಇಲ್ಲಿಗೆ ನಿಲ್ಲಿಸಿದ್ದರೆ ಗೆದ್ದೆ ಅನ್ನಬಹುದಿತ್ತು. ಆದರೆ ಆಸ್ಟಿನ್ ಪರವಾಗಿ 1978 ಎದ್ದು ನಿಲ್ಲುತ್ತದೆ. ತುರ್ತುಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ ಪಾಸಾದ 42ನೇ ತಿದ್ದುಪಡಿಯನ್ನು ಸರಿಪಡಿಸಲು ಜನತಾ ಸರ್ಕಾರ ಹೊರಟಾಗ, ರಾಜ್ಯಸಭೆಯಲ್ಲಿ ಬಲ ಇದ್ದದ್ದು ಕಾಂಗ್ರೆಸ್ಸಿಗೆ. ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದು ಬಂದು, ಲೋಕಸಭೆಯಿಂದ ಉಚ್ಚಾಟನೆಗೊಂಡದ್ದೂ ಅದೇ ವರ್ಷ. ಮುಖ ನೋಡಿದರೆ ಆಗದವರು ಎರಡೂ ಕಡೆ. ಅಂಥವರು ಸೇರಿ 44ನೇ ತಿದ್ದುಪಡಿ ಮಾಡಿದರು. ಸಂಪುಟದ ಲಿಖಿತ ತೀರ್ಮಾನವಿಲ್ಲದೆ ತುರ್ತುಪರಿಸ್ಥಿತಿ ಘೋಷಿಸುವಂತಿಲ್ಲ, ಜೀವಿಸುವ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. ಇದರಲ್ಲಿ ಮುಂದೂಡಿದ್ದೇನೂ ಇಲ್ಲ. ನಾಳೆ ಜೈಲಿಗೆ ಹೋಗುವ ಸರದಿ ತನ್ನದಿರಬಹುದೆಂಬ ಭಯ ಇಬ್ಬರಿಗೂ ಇತ್ತು. ಆ ಭಯದ ಒಮ್ಮತಕ್ಕೆ ನಾನು ತಲೆಬಾಗುತ್ತೇನೆ. ಸಂವಿಧಾನದ ಮೂಲ ಲಕ್ಷಣ ಬದಲಿಸುವ ಮುನ್ನ ಜನಮತಗಣನೆ ಆಗಲಿ ಎಂಬ ಅಂಶ ಮಾತ್ರ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಬಿದ್ದದ್ದು ಒಳ್ಳೆಯದಾಯಿತೇ? ಒಂದೊಂದು ದಿನ ಒಂದೊಂದು ಥರ ಅನಿಸುತ್ತದೆ.

ಇನ್ನೊಂದು ಮುಳ್ಳೂ ಇದೆ. ರಾಜ್ಯಗಳ ಲೋಕಸಭಾ ಸೀಟುಗಳ ಸಂಖ್ಯೆಯನ್ನು ಅಲುಗಾಡದಂತೆ ಕಟ್ಟಿಹಾಕಿದ್ದು ಅದೇ 42ನೇ ತಿದ್ದುಪಡಿ. 1978ರಲ್ಲಿ ಅದನ್ನು ಬಿಚ್ಚಲಿಲ್ಲ. ವಾಜಪೇಯಿ ಸರ್ಕಾರದ ಕಾಲದ 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಎಳೆಯಿತು. ರಾಜ್ಯಗಳ ಒಳಗಿನ ಗಡಿಗಳನ್ನು ಮಾತ್ರ ತಿರುಗಿ ಬರೆಯಲು ಬಿಟ್ಟರು. ಹಾಗೆ ಬರೆದಾಗ ನಮ್ಮ ಬೇತಮಂಗಲ ವಿಧಾನಸಭಾ ಕ್ಷೇತ್ರವೇ ನಕಾಶೆಯಿಂದ ಎದ್ದುಹೋಯಿತು. 2008ರ ಚುನಾವಣೆಗೆ ಆ ಹೆಸರಿಲ್ಲ. ಊರಿನ ಸೀಟು ಹೋದದ್ದಕ್ಕೆ ಜನಸಂಖ್ಯೆಯ ಲೆಕ್ಕ ತೋರಿಸಿದರು, ನಾವು ಒಪ್ಪಿಕೊಂಡೆವು.

ಈಗ ಅದೇ ಲೆಕ್ಕ ರಾಜ್ಯ ರಾಜ್ಯಗಳ ನಡುವೆ ಬಂದರೆ ಕರ್ನಾಟಕದ 28 ಲೋಕಸಭಾ ಸೀಟುಗಳ ತೂಕ ಇಳಿಯುತ್ತದೆ. ಬೇಡ, ಇರುವ ಹಾಗೇ ಇರಲಿ ಎಂದು ಎಲ್ಲ ಪಕ್ಷಗಳೂ ಒಟ್ಟಾಗಿ ಹೇಳಲಿ ಎಂದು ನನ್ನ ಮನಸ್ಸು ಬಯಸುತ್ತದೆ. ಹೌದು, ಒಮ್ಮತದಿಂದಲೇ. ಬಂಗಾರಪೇಟೆಯ ಹೋಟೆಲೊಂದರಲ್ಲಿ ನನಗೆ ಟೀ ಕೊಡುವ ಬಿಹಾರದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಅವನ ಊರಿನ ವೋಟಿಗಿಂತ ನನ್ನ ವೋಟಿಗೆ ತೂಕ ಯಾಕೆ ಜಾಸ್ತಿ ಎಂದು ಅವನು ಕೇಳಿದರೆ, ನಿಮ್ಮ ಅಜ್ಜಂದಿರು ಕುಟುಂಬ ಯೋಜನೆ ಪಾಲಿಸಲಿಲ್ಲ ಎನ್ನಲೇ? ಅವನಿಗೆ ಒಪ್ಪುವಂಥ ಉತ್ತರ ನನ್ನ ಹತ್ತಿರ ಇಲ್ಲ. ಇನ್ನೊಂದು 25 ವರ್ಷ ಮುಂದಕ್ಕೆ ಹಾಕಿಬಿಡಿ ಎನ್ನುವ ಆಸೆ ಮಾತ್ರ ಇದೆ.